ಹಿಸ್ಟರೋಸ್ಕೋಪಿ: ದಿನ ಗೊತ್ತು ಮಾಡುವುದರಿಂದ ಬಯಾಪ್ಸಿ ರಿಪೋರ್ಟ್ ಕೈಸೇರುವವರೆಗೆ

ಸ್ಕ್ಯಾನ್ ರಿಪೋರ್ಟಿನ ಕೊನೆಯ ಸಾಲಿನಲ್ಲಿ "ಒಳಪದರ ದಪ್ಪವಾಗಿದೆ, ಪಾಲಿಪ್ ಇರಬಹುದು, ಹಿಸ್ಟರೋಸ್ಕೋಪಿ ಮಾಡಿಸಿ" ಎಂದಿರುತ್ತದೆ. ಪಾಲಿಪ್ ಎಂದರೆ ಗರ್ಭಕೋಶದ ಒಳಪದರದಿಂದ ಬೆಳೆದ ಮೆತ್ತನೆಯ ಗಡ್ಡೆ, ಹಿಸ್ಟರೋಸ್ಕೋಪಿ ಎಂದರೆ ಗರ್ಭಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುವುದು. ಡಾಕ್ಟರ್ ಎರಡು ನಿಮಿಷ ಮಾತಾಡಿ ದಿನ ಕೊಡುತ್ತಾರೆ, ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿಸಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಹೊಟ್ಟೆ ಕೊಯ್ಯುತ್ತಾರಾ? ಆ ಹೊತ್ತಿಗೆ ಮುಟ್ಟಾದರೆ? ಎಚ್ಚರವಿರುತ್ತದಾ? ಆಫೀಸಿಗೆ ಎಷ್ಟು ದಿನ ರಜೆ ಹಾಕಬೇಕು?

ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯೂ ಇಲ್ಲ. ಯೋನಿಯ ಮೂಲಕ, ಗರ್ಭಕೋಶದ ಬಾಯಿಯನ್ನು ದಾಟಿಸಿ, ಕ್ಯಾಮೆರಾ ಜೋಡಿಸಿದ ಒಂದು ತೆಳು ಕೊಳವೆಯನ್ನು ಒಳಗೆ ಬಿಡುತ್ತಾರೆ. ಬರೀ ನೋಡುವುದಾದರೆ ಹೊರಕವಚವೂ ಸೇರಿ ಅದರ ದಪ್ಪ 3ರಿಂದ 5.5 ಮಿಲಿಮೀಟರ್. ಗಡ್ಡೆ ಕತ್ತರಿಸಿ ತೆಗೆಯುವ ಉಪಕರಣ 7ರಿಂದ 9 ಮಿಲಿಮೀಟರ್ ಇರುತ್ತದೆ, ಅದಕ್ಕೆ ಗರ್ಭಕೋಶದ ಬಾಯಿಯನ್ನು ಹಿಗ್ಗಿಸಬೇಕು. ಈ ಎರಡರ ನಡುವಿನ ಅಂತರವೇ ನೋವು, ಅರಿವಳಿಕೆ, ಖರ್ಚು, ರಜೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಮಾತು: "ನನಗೆ ಮಾಡುತ್ತಿರುವುದು ನೋಡುವುದಕ್ಕೋ, ತೆಗೆಯುವುದಕ್ಕೋ?"

ಬರೀ ನೋಡುವುದಾದರೆ ಕ್ಯಾಮೆರಾ ಒಳಗಿರುವುದು ಸಾಮಾನ್ಯವಾಗಿ ಐದು-ಹತ್ತು ನಿಮಿಷ. ಆ ಹತ್ತು ನಿಮಿಷದಿಂದ ನಿಮಗೆ ಉಪಯೋಗವಾಗುತ್ತದೋ ಇಲ್ಲವೋ ಎನ್ನುವುದು ಮಾತ್ರ ಮೊದಲೇ ಆರಿಸಿಕೊಂಡ ದಿನದ ಮೇಲೆ, ಆಮೇಲೆ ಬಯಾಪ್ಸಿಗೆಂದು ಒಳಪದರದಿಂದ ತೆಗೆದ ಚೂರನ್ನು ಹಾಕುವ ಬಾಟಲಿಯ ಮೇಲೆ ನಿಂತಿರುತ್ತದೆ. ಇವೆರಡರ ಬಗ್ಗೆ ಕೆಳಗೆ ಹೆಚ್ಚು ಬರೆದಿದ್ದೇವೆ.

ಯಾಕೆ ಮಾಡಿಸುವುದು ಎಂಬುದು ಸ್ಪಷ್ಟವಿರಲಿ

ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಬೇಕು. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಇಂಥವರ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪವಿದ್ದರೆ ಚೂರು ತೆಗೆದು ಪರೀಕ್ಷಿಸಲೇಬೇಕು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ನುಂಗುತ್ತಿರುವವರಿಗೆ ರಕ್ತ ಕಂಡರೆ ತಡ ಮಾಡುವ ಹಾಗೇ ಇಲ್ಲ. ಮುಟ್ಟಿನ ನಡುನಡುವೆ ರಕ್ತ, ವಿಪರೀತ ಸ್ರಾವ, ಪದೇಪದೇ ಗರ್ಭಪಾತ, ದಾರ ಕಾಣದ ಕಾಪರ್ ಟಿ, ಡಿ ಅಂಡ್ ಸಿ ಆದ ಮೇಲೆ ಮುಟ್ಟೇ ಬಾರದಿರುವುದು, ಗರ್ಭಕೋಶದೊಳಗೆ ಗೋಡೆಯಂಥ ಪರದೆ ಇರುವ ಅನುಮಾನ, ಇವು ಉಳಿದ ಮುಖ್ಯ ಕಾರಣಗಳು.

ಹಳೆಯ ಡಿ ಅಂಡ್ ಸಿ, ಅಂದರೆ ಜನ "ಕ್ಲೀನ್ ಮಾಡಿಸುವುದು" ಎನ್ನುವ ವಿಧಾನ, ಕಣ್ಣು ಕಟ್ಟಿಕೊಂಡು ಕೆರೆಯುವ ಕೆಲಸ. ತೊಟ್ಟಿನ ಮೇಲೆ ನೇತಾಡುವ ಪಾಲಿಪ್ ಕೆರೆಯುವ ಉಪಕರಣವಾದ ಕ್ಯುರೆಟ್ಟಿಗೆ ಸಿಗದೆ ಆಚೀಚೆ ಜಾರುತ್ತದೆ, ಕೆರೆದ ಮೇಲೂ ಅಲ್ಲೇ ಇರುತ್ತದೆ. ಸ್ಕ್ಯಾನಿನಲ್ಲಿ ಪಾಲಿಪ್ ಎಂದು ಬರೆದಿದ್ದೂ ಯಾರಾದರೂ ಬರೀ ಡಿ ಅಂಡ್ ಸಿ ಸಾಕು ಎಂದರೆ, ಕ್ಯಾಮೆರಾ ಇಟ್ಟು ನೋಡುತ್ತೀರಾ ಎಂದು ಕೇಳಿ. 1869ರಲ್ಲಿ ಪಾಂಟಲಿಯೋನಿ ಎಂಬ ವೈದ್ಯ ಮೊದಲ ಬಾರಿಗೆ ಗರ್ಭಕೋಶದೊಳಗೆ ಇಣುಕಿದ್ದು 60 ವರ್ಷದ ಹೆಂಗಸಿನ ರಕ್ತಸ್ರಾವಕ್ಕೆ ಕಾರಣ ಹುಡುಕಲು. ಅಂದು ಸಿಕ್ಕಿದ್ದೂ ಪಾಲಿಪ್ಪೇ.

ಬೆಂಗಳೂರಿನಲ್ಲಿ ಐವಿಎಫ್‌ಗೆ ಹೋಗುವವರಿಗೆ ಒಂದು ಮಾತು. ಸ್ಕ್ಯಾನ್ ಪೂರ್ತಿ ಸರಿಯಿದ್ದರೂ "ಯಾವುದಕ್ಕೂ ಒಮ್ಮೆ ಒಳಗೆ ನೋಡಿಬಿಡೋಣ" ಎಂದು ಪ್ಯಾಕೇಜಿನಲ್ಲಿ ಸೇರಿಸುವುದುಂಟು. ಸ್ಕ್ಯಾನ್ ಸರಿಯಿದ್ದ ಮಹಿಳೆಯರಲ್ಲಿ ಮೊದಲ ಐವಿಎಫ್‌ಗೆ ಮುನ್ನ ಹಿಸ್ಟರೋಸ್ಕೋಪಿ ಮಾಡಿದ್ದರಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ ಎಂದು 2016ರಲ್ಲಿ ಪ್ರಕಟವಾದ ಇನ್‌ಸೈಟ್ ಅಧ್ಯಯನ ತೋರಿಸಿತು. ಎರಡರಿಂದ ನಾಲ್ಕು ಸಲ ಐವಿಎಫ್ ವಿಫಲವಾದವರಲ್ಲೂ ಹಾಗೇ ಎಂದು ಅದೇ ವರ್ಷದ ಟ್ರೋಫಿ ಅಧ್ಯಯನ ಹೇಳಿತು. ಸ್ಕ್ಯಾನಿನಲ್ಲಿ ಏನಾದರೂ ಕಂಡಿದ್ದರೆ ಲೆಕ್ಕ ಬೇರೆ, ಆಗ ನೋಡಿಸಲೇಬೇಕು. ಏನೂ ಕಾಣದಿದ್ದರೆ ಏನನ್ನು ಹುಡುಕುತ್ತಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ. ಜೊತೆಗೆ ಲ್ಯಾಪ್ರೋಸ್ಕೋಪಿಯನ್ನೂ ಸೇರಿಸಿದ್ದಾರೋ ವಿಚಾರಿಸಿ, ಏಕೆಂದರೆ ಅದರಲ್ಲಿ ಹೊಟ್ಟೆಗೆ ರಂಧ್ರ ಮಾಡುತ್ತಾರೆ, ಪೂರ್ಣ ಅರಿವಳಿಕೆ ಬೇಕು. ಎರಡೂ ಒಂದೇ ಎಂದು ತಿಳಿದು ಸಹಿ ಹಾಕುವವರು ಬಹಳ.

ದಿನ ಆರಿಸುವುದು

ರಕ್ತ ಸರಿಯಾಗಿ ಹರಿಯಲು ಶುರುವಾದ ದಿನವನ್ನು 1 ಎಂದು ಎಣಿಸಿ. ಕಲೆ ಕಂಡ ದಿನ ಲೆಕ್ಕಕ್ಕಿಲ್ಲ. 6ರಿಂದ 11ನೇ ದಿನದೊಳಗೆ, ಸ್ರಾವ ನಿಂತ ಮೇಲೆ, ಪರೀಕ್ಷೆ ನಡೆಯಬೇಕು. ಆಗ ಒಳಪದರ ತೆಳ್ಳಗೆ, ಸಪಾಟಾಗಿರುತ್ತದೆ. ಸಣ್ಣ ಪಾಲಿಪ್ ಕೂಡ ಎದ್ದು ಕಾಣುತ್ತದೆ. 14ನೇ ದಿನ ದಾಟಿದರೆ ಪದರ ಉಬ್ಬಿ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಪಾಲಿಪ್ ಥರ ಕಾಣುತ್ತದೆ, ಮುಟ್ಟಿದರೆ ರಕ್ತ ಬಂದು ಚಿತ್ರ ಮಸುಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಹೊತ್ತಿಗೆ ಗರ್ಭ ನಿಂತಿರಬಹುದು. ಗರ್ಭವಿದ್ದರೆ ಈ ಪರೀಕ್ಷೆ ಮಾಡುವಂತಿಲ್ಲ. ಆದ್ದರಿಂದ ಮುಟ್ಟಾದಾಗಿನಿಂದ ಪರೀಕ್ಷೆಯ ದಿನದವರೆಗೆ ಕಾಂಡೋಮ್ ಇಲ್ಲದೆ ಸೇರಬೇಡಿ, ಆ ದಿನ ಬೆಳಿಗ್ಗೆ ಮೂತ್ರದ ಗರ್ಭ ಪರೀಕ್ಷೆ ಮಾಡಿದ್ದಾರೋ ನೋಡಿಕೊಳ್ಳಿ.

ತಿಂಗಳು ಹಿಂದೆ ಮುಂದೆ ಆಗುವವರು ಕ್ಯಾಲೆಂಡರಿನ ತಾರೀಖಿಗೆ ಬುಕ್ ಮಾಡಬಾರದು. "ಮುಟ್ಟಾದ ಮೊದಲ ದಿನ ಫೋನ್ ಮಾಡುತ್ತೇನೆ, ಅಲ್ಲಿಂದ ಎಣಿಸಿ ದಿನ ಕೊಡಿ" ಎಂದು ಮೊದಲೇ ಹೇಳಿಡಿ. ಮುಟ್ಟು ನಿಂತವರಿಗೆ ಯಾವ ದಿನವಾದರೂ ಆದೀತು. ರಕ್ತ ನಿಲ್ಲದೆ ಹೋಗುತ್ತಿರುವವರಿಗೂ ನೀರು ಹರಿಸುತ್ತಾ ನೋಡಲು ಸಾಧ್ಯವಿದೆ, ಆದರೆ ಚಿತ್ರ ಅಷ್ಟು ಸ್ವಚ್ಛವಿರುವುದಿಲ್ಲ.

ಒಂದು ಅಪವಾದವಿದೆ, ನಮ್ಮ ನಾಡಿನಲ್ಲಿ ಅದು ಸಣ್ಣದಲ್ಲ. ಗರ್ಭಕೋಶದ ಕ್ಷಯ, ಅಂದರೆ ಟಿಬಿ, ಇದೆಯೇ ಎಂದು ಚೂರು ತೆಗೆಯುವುದಾದರೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ತೆಗೆಯುವುದು ವಾಡಿಕೆ. ರೋಗದ ಗಂಟುಗಳು ಒಳಪದರದಲ್ಲಿ ಬೆಳೆಯಲು ಸಮಯ ಬೇಕು, ಮುಟ್ಟಿನೊಡನೆ ಆ ಪದರವೇ ಉದುರಿಹೋಗುತ್ತದೆ. ಕ್ಯಾಮೆರಾಕ್ಕೆ ಬೇಕಾದ ದಿನ ಒಂದು, ಟಿಬಿಗೆ ಬೇಕಾದ ದಿನ ಇನ್ನೊಂದು. ಯಾವುದಕ್ಕೆ ಆದ್ಯತೆ ಎಂದು ಡಾಕ್ಟರ್ ಮೊದಲೇ ತೀರ್ಮಾನಿಸಿರಬೇಕು.

ಯೋನಿಯಲ್ಲಿ ದುರ್ವಾಸನೆಯ ಸ್ರಾವ, ಕೆಳಹೊಟ್ಟೆ ನೋವಿನ ಜೊತೆ ಜ್ವರ ಇದ್ದರೆ ಮುಂದೂಡಿ. ಸೋಂಕಿರುವಾಗ ಪರೀಕ್ಷೆಗೆಂದು ಗರ್ಭಕೋಶಕ್ಕೆ ನೀರು ತುಂಬಿದರೆ ಸೋಂಕು ಆ ನೀರಿನೊಡನೆ ಅಂಡನಾಳಗಳ ಮೂಲಕ ಹೊಟ್ಟೆಯೊಳಗೆ ಹೋಗಬಹುದು.

ಹಿಂದಿನ ದಿನಗಳ ತಯಾರಿ

ಹಳೆಯ ಸ್ಕ್ಯಾನುಗಳು, ಸಿಸೇರಿಯನ್ ಅಥವಾ ಗರ್ಭಕೋಶದ ಬೇರೆ ಆಪರೇಷನ್ನಿನ ಕಾಗದ, ನುಂಗುವ ಮಾತ್ರೆಗಳ ಪಟ್ಟಿ ಒಂದು ಕವರಿನಲ್ಲಿರಲಿ. ಹಿಮೋಗ್ಲೋಬಿನ್, ಸಕ್ಕರೆ, ರಕ್ತದ ಗುಂಪು, ಅರಿವಳಿಕೆ ಇದ್ದರೆ ಇಸಿಜಿ ಕೇಳುವುದು ಸಾಮಾನ್ಯ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ. ಬಿಪಿ ಮತ್ತು ಥೈರಾಯ್ಡ್ ಮಾತ್ರೆಗಳನ್ನು ಒಂದು ಗುಟುಕು ನೀರಿನಲ್ಲಿ ಬೆಳಿಗ್ಗೆ ನುಂಗಲು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಬಿಪಿ ಮಾತ್ರೆ ಯಾವುದೆಂದು ತೋರಿಸಿ ಖಚಿತಪಡಿಸಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆಗಳದು ಹಾಗಲ್ಲ: ಉಪವಾಸವಿದ್ದು ಅವನ್ನು ನುಂಗಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದವನ್ನು ಅರಿವಳಿಕೆಗೆ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇದನ್ನು ಕೇಳಲು ಆಸ್ಪತ್ರೆಯವರು ಮರೆತರೂ ನೀವು ಮರೆಯಬೇಡಿ.

ಎಚ್ಚರವಿದ್ದಾಗಲೇ ಮಾಡುವುದಾದರೆ ಉಪವಾಸ ಬೇಡ. ಹಸಿದು ಹೋದರೆ ತಲೆ ಸುತ್ತುವುದೇ ಹೆಚ್ಚು. ಎರಡು ಇಡ್ಲಿ ತಿಂದು, ಒಂದು ಗಂಟೆ ಮೊದಲು ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆ ನುಂಗಿ. ಸಾಮಾನ್ಯವಾಗಿ ಐಬುಪ್ರೊಫೆನ್ 400 ಮಿಲಿಗ್ರಾಂ. ಆಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಬೇರೆ ಕೊಡುತ್ತಾರೆ. ಅರಿವಳಿಕೆ ಇದ್ದರೆ ಊಟ ತಿಂಡಿ 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರನ್ನು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಜನ ಎಡವುವುದು ಕಾಫಿಯಲ್ಲಿ. ಫಿಲ್ಟರ್ ಕಾಫಿಯಲ್ಲಿ ಹಾಲಿದೆ, ಹಾಲು ಊಟದ ಲೆಕ್ಕ. ಬೆಳಿಗ್ಗೆ ಐದಕ್ಕೆ ಅರ್ಧ ಲೋಟ ಕಾಫಿ ಕುಡಿದು ಎಂಟಕ್ಕೆ ಒಟಿ ಬಾಗಿಲಿಗೆ ಹೋದರೆ ಅರಿವಳಿಕೆ ಡಾಕ್ಟರ್ ವಾಪಸ್ ಕಳಿಸುತ್ತಾರೆ, ಅದು ಸರಿಯೂ ಹೌದು. ಪ್ರಜ್ಞೆ ಇಲ್ಲದಾಗ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಗರ್ಭಕೋಶದ ಬಾಯಿ ಬಿಗಿಯಿರುವವರಿಗೆ, ಅಂದರೆ ಸಹಜ ಹೆರಿಗೆ ಆಗದವರಿಗೆ, ಮುಟ್ಟು ನಿಂತವರಿಗೆ, ಕೆಲವೊಮ್ಮೆ ಮಿಸೊಪ್ರೊಸ್ಟಾಲ್ 200 ಅಥವಾ 400 ಮೈಕ್ರೋಗ್ರಾಂ ಹಿಂದಿನ ರಾತ್ರಿ ಅಥವಾ ಕೆಲ ಗಂಟೆ ಮೊದಲು ಕೊಡುತ್ತಾರೆ. ಇದರಿಂದ ಹೊಟ್ಟೆ ಹಿಂಡುವುದು, ಚಳಿ, ಭೇದಿ, ಸ್ವಲ್ಪ ರಕ್ತ ಬರುವುದುಂಟು, ಗಾಬರಿ ಬೇಡ. ತೆಳು ಕ್ಯಾಮೆರಾ ಬಳಸುವ ಕಡೆ ಇದರ ಅಗತ್ಯ ಅಷ್ಟಿಲ್ಲ.

ಹಣದ ಮಾತು. ಕೊಟೇಷನ್ನಿನಲ್ಲಿ ಒಟಿ ಚಾರ್ಜು, ಅರಿವಳಿಕೆ ಡಾಕ್ಟರ ಫೀ, ಬಯಾಪ್ಸಿ ಲ್ಯಾಬಿನ ಖರ್ಚು, ಒಮ್ಮೆ ಬಳಸಿ ಎಸೆಯುವ ಬ್ಲೇಡಿನ ಬೆಲೆ ಬೇರೆ ಬೇರೆ ಬರೆಸಿಕೊಳ್ಳಿ. ಕೊನೆಯ ಎರಡು ಬಿಲ್ಲಿನಲ್ಲಿ ತಡವಾಗಿ ಬಂದು ಸೇರುತ್ತವೆ. ಇನ್ಶೂರೆನ್ಸ್ ಇದ್ದವರು ಗಮನಿಸಿ: ಬರೀ ತಪಾಸಣೆಗಾಗಿ ದಾಖಲಾದರೆ, ಬಂಜೆತನದ ಚಿಕಿತ್ಸೆಗಾಗಿ ಎಂದು ಬರೆದಿದ್ದರೆ, ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ. ಪಾಲಿಪ್ ತೆಗೆದಿದ್ದು ಡೇ ಕೇರ್ ಚಿಕಿತ್ಸೆಯ ಲೆಕ್ಕಕ್ಕೆ ಬರಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ನಡೆದದ್ದು ನಡೆದ ಹಾಗೇ ಪೂರ್ತಿ ಇರುವಂತೆ ನೋಡಿಕೊಳ್ಳಿ. ಬಿಪಿಎಲ್ ಕಾರ್ಡಿನವರು ಮೊದಲು ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಅಡಿ ಏನು ಸಿಗುತ್ತದೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ.

ಸಹಿ ಹಾಕುವ ಮುನ್ನ

ಒಪ್ಪಿಗೆ ಪತ್ರದಲ್ಲಿ "ಅಗತ್ಯ ಬಿದ್ದರೆ ಮುಂದಿನ ಚಿಕಿತ್ಸೆ" ಎಂಬ ಸಾಲಿರುತ್ತದೆ. ಪಾಲಿಪ್ ಕಂಡರೆ ಅಲ್ಲೇ ತೆಗೆಯಲು ಒಪ್ಪುವುದು ಒಳ್ಳೆಯದು, ಎರಡನೇ ಸಲ ಬರುವುದು ತಪ್ಪುತ್ತದೆ. ಆ "ಮುಂದಿನ ಚಿಕಿತ್ಸೆ"ಯಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ ಎಂದು ಕೈಯಲ್ಲಿ ಬರೆಸಿ. ಮದುವೆಯಾಗದ ಹೆಣ್ಣುಮಕ್ಕಳಿದ್ದರೆ ಮೊದಲೇ ತಿಳಿಸಿ: ಯೋನಿಯನ್ನು ಅಗಲಿಸುವ ಉಪಕರಣ ಹಾಕದೆ, ಗರ್ಭಕೋಶದ ಬಾಯಿಯನ್ನು ಚಿಮಟದಿಂದ ಹಿಡಿಯದೆ, ತೆಳು ಕ್ಯಾಮೆರಾವನ್ನೇ ನೀರಿನ ಜೊತೆ ಒಳಗೆ ಸಾಗಿಸುವ ವಿಧಾನವಿದೆ. ವಜೈನೋಸ್ಕೋಪಿ ಎಂದು ಅದರ ಹೆಸರು. ಎಲ್ಲರಿಗೂ ನೋವು ಕಡಿಮೆಯಾಗುವುದು ಇದರಲ್ಲೇ. ನಿಮ್ಮ ಡಾಕ್ಟರ್ ಈ ವಿಧಾನ ಬಲ್ಲವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಳಗೆ ನಡೆಯುವುದು

ಮೂತ್ರ ಮಾಡಿ ಬರಲು ಹೇಳುತ್ತಾರೆ. ಕಾಲು ಎತ್ತಿ ಮಲಗಿಸಿ, ಔಷಧಿಯಿಂದ ಒರೆಸಿ, ಬಟ್ಟೆ ಹೊದಿಸುತ್ತಾರೆ. ನೀರಿನ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ಮೊದಲು ಹೊರಗೆ ಹರಿಸುತ್ತಾರೆ. ಗಾಳಿ ರಕ್ತನಾಳಕ್ಕೆ ಸೇರಿದರೆ ಅಪಾಯ. ಬೇಕಿದ್ದರೆ ಗರ್ಭಕೋಶದ ಕೊರಳ ಸುತ್ತ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುತ್ತಾರೆ.

ಗರ್ಭಕೋಶದ ಒಳಗೆ ಖಾಲಿ ಜಾಗವೆಂಬುದೇ ಇಲ್ಲ. ಮಡಚಿಟ್ಟ ಚೀಲದ ಹಾಗೆ ಮುಂದಿನ ಗೋಡೆ ಹಿಂದಿನದಕ್ಕೆ ಅಂಟಿರುತ್ತದೆ. ನೀರು ತುಂಬಿ ಬಿಡಿಸಿದರೆ ಮಾತ್ರ ನೋಡಲು ಸಾಧ್ಯ. ನೋಡುವ ಪರೀಕ್ಷೆಗೆ ನಾರ್ಮಲ್ ಸಲೈನ್ ಬಳಸುತ್ತಾರೆ, ಒತ್ತಡ ಸುಮಾರು 70ರಿಂದ 100 ಮಿಲಿಮೀಟರ್ ಪಾದರಸ. ಒತ್ತಡ ಹೆಚ್ಚಿದಷ್ಟೂ ನೋವು, ನಾಳಗಳ ಮೂಲಕ ಹೊಟ್ಟೆಗೆ ಸೋರುವ ನೀರು ಎರಡೂ ಹೆಚ್ಚು. ಇನ್ನೂ ಒಂದು ಸೂಕ್ಷ್ಮವಿದೆ: ಜೋರಾಗಿ ತುಂಬಿದ ನೀರು ಮೆತ್ತನೆಯ ಪಾಲಿಪ್ಪನ್ನು ಗೋಡೆಗೆ ಒತ್ತಿ ಮರೆಮಾಡುತ್ತದೆ. ಅನುಭವಿ ಡಾಕ್ಟರ್ ಕೊನೆಯಲ್ಲಿ ಒತ್ತಡ ಇಳಿಸಿ ಮತ್ತೊಮ್ಮೆ ನೋಡುವುದು ಅದಕ್ಕೇ.

ಹೆಚ್ಚು ನೋಯುವ ಜಾಗ ಕೊರಳಿನ ಒಳಬಾಯಿ. ಅಲ್ಲಿ ದಾಟುವಾಗ ಮುಟ್ಟಿನ ಮೊದಲ ದಿನದಂತೆ, ಕೆಲವರಿಗೆ ಅದಕ್ಕಿಂತ ಜೋರಾಗಿ, ಹಿಂಡುತ್ತದೆ. ಉಸಿರು ಬಿಗಿಹಿಡಿಯದೆ ನಿಧಾನ ಬಾಯಿಂದ ಬಿಡಿ. ದಾಟಿದ ಮೇಲೆ ನೋವು ಇಳಿಯುತ್ತದೆ. ಲೆನ್ಸ್ 30 ಡಿಗ್ರಿ ಓರೆಯಾಗಿ ನೋಡುವಂಥದ್ದಾದ್ದರಿಂದ ಕೊಳವೆಯನ್ನು ಆಚೀಚೆ ತಳ್ಳಬೇಕಿಲ್ಲ, ದೀಪದ ಕೇಬಲ್ಲನ್ನು ತಿರುಗಿಸಿದರೆ ಎಡ ಬಲದ ಮೂಲೆಗಳು ಕಾಣುತ್ತವೆ. ಆ ಎರಡು ಮೂಲೆಗಳಲ್ಲಿ ನಾಳಗಳ ಬಾಯಿ ಎರಡು ಸಣ್ಣ ಕಪ್ಪು ಚುಕ್ಕೆಯ ಹಾಗಿರುತ್ತವೆ. ಅವೆರಡೂ ಕಂಡು ಫೋಟೋ ತೆಗೆದಿದ್ದರೆ ಗರ್ಭಕೋಶದ ಕೋಣೆಯನ್ನು ಪೂರ್ತಿ ನೋಡಿದ್ದಾರೆ ಎಂದು ಅರ್ಥ. ರಿಪೋರ್ಟಿನಲ್ಲಿ "ಎರಡೂ ಆಸ್ಟಿಯಾ (ನಾಳಗಳ ಬಾಯಿ) ಕಂಡವು" ಎಂಬ ಮಾತನ್ನು ಹುಡುಕಿ. ಫೋಟೋಗಳನ್ನೂ ಕೇಳಿ ಪಡೆಯಿರಿ. ಆಸ್ಪತ್ರೆ ಬದಲಾಯಿಸಿದಾಗ ಅವಿಲ್ಲದೆ ಅದೇ ಪರೀಕ್ಷೆ ಮತ್ತೆ ಮಾಡಿಸಬೇಕಾದೀತು.

ಎಚ್ಚರವಿರುವಾಗ ತಡೆಯಲಾಗದಷ್ಟು ನೋವಾದರೆ "ನಿಲ್ಲಿಸಿ" ಎನ್ನಿ. ನಿಲ್ಲಿಸಬೇಕು. ಇನ್ನೊಂದು ದಿನ ಅರಿವಳಿಕೆ ಕೊಟ್ಟು ಮಾಡಬಹುದು. "ಹೆರಿಗೆ ನೋವು ತಡೆದವರಿಗೆ ಇದೇನು ಮಹಾ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ತಪ್ಪುವುದು ಎಲ್ಲಿ, ಯಾಕೆ

ಒಳಬಾಯಿ ಹಿಗ್ಗಿದಾಗ ಕೆಲವರಿಗೆ ನಾಡಿ ಇಳಿದು, ಬೆವರಿ, ಕಣ್ಣು ಕತ್ತಲೆ ಬರುತ್ತದೆ. ಕ್ಯಾಮೆರಾ ಹೊರತೆಗೆದು ಕಾಲು ಎತ್ತಿದರೆ ಬಹುತೇಕ ಸರಿಹೋಗುತ್ತದೆ, ಇಲ್ಲವಾದರೆ ಅಟ್ರೋಪಿನ್ ಕೊಡುತ್ತಾರೆ. ಮುಗಿದ ಕೂಡಲೇ ಎದ್ದು ನಿಲ್ಲಬೇಡಿ.

ಗರ್ಭಕೋಶಕ್ಕೆ ರಂಧ್ರ ಬೀಳುವುದು ಬರೀ ನೋಡುವಾಗ ಅಪರೂಪ. ಮುಟ್ಟು ನಿಂತ ಮೇಲಿನ ಬಿಗಿ ಬಾಯಿ, ಹಿಂದಕ್ಕೆ ಬಾಗಿದ ಗರ್ಭಕೋಶ, ಸಿಸೇರಿಯನ್ನಿನಿಂದ ಮೇಲಕ್ಕೆ ಎಳೆದುಕೊಂಡಿರುವುದು, ಒಳಗಿನ ಅಂಟು ಬಿಡಿಸುವುದು, ಈ ಸಂದರ್ಭಗಳಲ್ಲಿ ಸಾಧ್ಯತೆ ಹೆಚ್ಚು. ತುಂಬಿದ ನೀರು ಇದ್ದಕ್ಕಿದ್ದಂತೆ ನಿಲ್ಲದೆ ಹೋದರೆ, ಗೋಡೆ ಕುಸಿದರೆ, ಡಾಕ್ಟರಿಗೆ ಗೊತ್ತಾಗುತ್ತದೆ. ಸಣ್ಣ ರಂಧ್ರ ತಾನೇ ಮುಚ್ಚಿಕೊಳ್ಳುತ್ತದೆ, ಒಂದು ದಿನ ನಿಗಾ ಸಾಕು. ಕರೆಂಟಿನ ಉಪಕರಣ ಬಳಸುವಾಗ ಆಗಿದ್ದರೆ ಮಾತ್ರ ಕರುಳು ಸುಟ್ಟಿದೆಯೇ ಎಂದು ಲ್ಯಾಪ್ರೋಸ್ಕೋಪಿಯಲ್ಲಿ ನೋಡಲೇಬೇಕು.

ದೊಡ್ಡ ಗಡ್ಡೆ ತೆಗೆಯುವಾಗ ಇನ್ನೊಂದು ಭಯ, ನೀರು ರಕ್ತಕ್ಕೆ ಸೇರುವುದು. ಒಳಗೆ ಬಿಟ್ಟ ನೀರಿನಲ್ಲಿ ಹೊರಗೆ ಬಂದದ್ದನ್ನು ಕಳೆದು ಲೆಕ್ಕ ಇಡಲು ಒಬ್ಬರು ಇರಬೇಕು. ಆರೋಗ್ಯವಂತರಲ್ಲಿ ಸಲೈನ್ ಬದಲು ಉಪ್ಪಿಲ್ಲದ ಗ್ಲೈಸಿನ್ ದ್ರವ ಬಳಸಿದರೆ ಕೊರತೆ 1000 ಮಿಲಿಲೀಟರ್, ಸಲೈನ್ ಆದರೆ 2500 ಮಿಲಿಲೀಟರ್ ಮುಟ್ಟಿದೊಡನೆ ನಿಲ್ಲಿಸಬೇಕು. ವಯಸ್ಸಾದವರಿಗೆ, ಹೃದಯ ಕಿಡ್ನಿ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಗ್ಲೈಸಿನ್ ಹೆಚ್ಚಾದರೆ ರಕ್ತದ ಸೋಡಿಯಂ ಕುಸಿದು ಮಂಪರು, ವಾಂತಿ, ಫಿಟ್ಸ್ ಬರಬಹುದು. ಗಡ್ಡೆ ಪೂರ್ತಿ ಬಾರದೆ ಅರ್ಧಕ್ಕೆ ನಿಲ್ಲಿಸಿದರು ಎಂದು ಬೇಸರಪಡುವವರಿದ್ದಾರೆ. ಲೆಕ್ಕ ನೋಡಿ ನಿಲ್ಲಿಸಿದ್ದೇ ಒಳ್ಳೆಯ ಕೈಯ ಗುರುತು.

ಚೂರು ಯಾವ ಬಾಟಲಿಗೆ

ಇಲ್ಲಿ ಆಗುವ ತಪ್ಪನ್ನು ಸರಿಪಡಿಸಲು ಆಗುವುದಿಲ್ಲ. ಕ್ಯಾನ್ಸರ್, ಹೈಪರ್‌ಪ್ಲೇಸಿಯಾ (ಒಳಪದರದ ಅತಿ ಬೆಳವಣಿಗೆ) ನೋಡುವ ಬಯಾಪ್ಸಿಗೆ ಚೂರನ್ನು ಫಾರ್ಮಾಲಿನ್‌ನಲ್ಲಿ ಹಾಕಬೇಕು. ಟಿಬಿಯ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಮತ್ತು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಬರೀ ಸ್ಟೆರೈಲ್ ಸಲೈನ್‌ನಲ್ಲಿ ಹಾಕಬೇಕು. ಫಾರ್ಮಾಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಮೇಲೆ ಎಷ್ಟು ದಿನ ಕಾದರೂ ಅದು ಬೆಳೆಯುವುದಿಲ್ಲ. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿದರೆ ಟಿಬಿ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ಟಿಬಿ ಅನುಮಾನವಿದ್ದವರು ಒಟಿಗೆ ಹೋಗುವ ಮುನ್ನವೇ "ಎರಡು ಬಾಟಲಿ ಅಲ್ಲವೇ?" ಎಂದು ನರ್ಸಮ್ಮನನ್ನು ಕೇಳಿ, ಜೊತೆಗೆ ಬಂದವರಿಗೂ ಹೇಳಿಡಿ. ಬಾಟಲಿಗಳನ್ನು ಮನೆಯವರ ಕೈಗೇ ಕೊಟ್ಟು ಹೊರಗಿನ ಲ್ಯಾಬಿಗೆ ಕಳಿಸುವ ಆಸ್ಪತ್ರೆಗಳಿವೆ. ಆಗ ಹೆಸರು, ವಯಸ್ಸು, ತಾರೀಖು, ಏನು ಪರೀಕ್ಷೆ ಎಂಬ ಚೀಟಿ ಬಾಟಲಿಯ ಮೈಗೆ ಅಂಟಿರಬೇಕು, ಮುಚ್ಚಳಕ್ಕಲ್ಲ. ಸಲೈನ್ ಬಾಟಲಿ ಅದೇ ದಿನ ಲ್ಯಾಬ್ ಸೇರಲಿ.

ಮನೆಗೆ ಬಂದ ಮೇಲೆ

ಅರಿವಳಿಕೆ ಕೊಟ್ಟಿದ್ದರೆ 24 ಗಂಟೆ ಗಾಡಿ ಓಡಿಸಬಾರದು, ಮುಖ್ಯ ಕಾಗದಕ್ಕೆ ಸಹಿ ಹಾಕಬಾರದು. ಸ್ಕೂಟರಿನ ಹಿಂದೆ ಕೂರುವುದೂ ಬೇಡ, ನಮ್ಮ ಹಂಪು ಗುಂಡಿಗಳಲ್ಲಿ ಕೆಳಹೊಟ್ಟೆ ಹಿಂಡಿ ಹಾಕುತ್ತದೆ. ಕಾರೋ ಆಟೋನೋ ಗೊತ್ತು ಮಾಡಿಕೊಳ್ಳಿ. ಮೊದಲ ದಿನ ತಿಳಿಗೆಂಪು ನೀರು ಹೋಗುತ್ತದೆ, ಅದು ಒಳಗೆ ಬಿಟ್ಟ ಸಲೈನ್. ರಕ್ತದ ಕಲೆ ಒಂದು ವಾರದವರೆಗೂ ಇರಬಹುದು. ಪ್ಯಾಡ್ ಬಳಸಿ; ಕಪ್, ಟ್ಯಾಂಪೂನ್, ಈಜು, ಸಂಭೋಗ ಎಲ್ಲ ಸ್ರಾವ ನಿಂತ ಮೇಲೆ. ತಲೆಸ್ನಾನ ಮಾಡಬಹುದು, ಪಥ್ಯವೇನೂ ಇಲ್ಲ. ಬರೀ ನೋಡಿದ್ದಾದರೆ ಮರುದಿನ ಕೆಲಸಕ್ಕೆ ಹೋಗಬಹುದು, ಗಡ್ಡೆ ತೆಗೆದಿದ್ದರೆ ಎರಡು ಮೂರು ದಿನ ರಜೆ ಇಟ್ಟುಕೊಳ್ಳಿ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದರೆ, ದುರ್ವಾಸನೆಯ ಸ್ರಾವವಾದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಬೆಳಗಾಗಲಿ ಎಂದು ಕಾಯದೆ ಎಮರ್ಜೆನ್ಸಿಗೆ ಹೋಗಿ. ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಹೊಸ ಡಾಕ್ಟರಿಗೆ ಏನು ಮಾಡಿದ್ದಾರೆಂಬುದು ಗೊತ್ತಾಗಬೇಕು.

ರಿಪೋರ್ಟ್

"ಪ್ರೊಲಿಫರೇಟಿವ್", "ಸೆಕ್ರೀಟರಿ" ಎಂದಿದ್ದರೆ ಅದು ತಿಂಗಳ ಸಹಜ ಬದಲಾವಣೆ. "ಎಟಿಪಿಯಾ ಇಲ್ಲದ ಹೈಪರ್‌ಪ್ಲೇಸಿಯಾ" ಎಂದರೆ ಒಳಪದರ ಹೆಚ್ಚು ಬೆಳೆದಿದೆ, ಕಣಗಳು ಕೆಟ್ಟಿಲ್ಲ. 20 ವರ್ಷದಲ್ಲಿ ಇದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. ಗರ್ಭಕೋಶದೊಳಗೆ ಇಡುವ, ಕಾಪರ್ ಟಿ ಥರದ ಹಾರ್ಮೋನ್ ಕಾಯಿಲ್‌ನಿಂದ ಬಹಳ ಮಂದಿಗೆ ವಾಸಿಯಾಗುತ್ತದೆ. ಈ ರಿಪೋರ್ಟ್ ಹಿಡಿದು "ಕ್ಯಾನ್ಸರ್ ಆಗಬಹುದು, ಗರ್ಭಕೋಶವನ್ನೇ ತೆಗೆಸಿಬಿಡಿ" ಎಂದರೆ ಬೇರೊಬ್ಬ ಡಾಕ್ಟರಿಗೆ ತೋರಿಸದೆ ಒಪ್ಪಬೇಡಿ. "ಎಟಿಪಿಯಾ ಇರುವ ಹೈಪರ್‌ಪ್ಲೇಸಿಯಾ" ಹಾಗಲ್ಲ. ಅಲ್ಲಿ ಗರ್ಭಕೋಶ ತೆಗೆಯುವ ಸಲಹೆ ಸರಿಯೇ, ಮಕ್ಕಳು ಬೇಕಿರುವವರಿಗೆ ಬೇರೆ ದಾರಿ ಚರ್ಚಿಸಬಹುದು. ಕ್ಯಾನ್ಸರ್ ಎಂದೇ ಬಂದರೆ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮುಂದಿನ ಆಪರೇಷನ್ ಯೋಜಿಸಲಿ. ಸ್ಲೈಡ್ ಮತ್ತು ಮೇಣದ ಬ್ಲಾಕನ್ನು ಲ್ಯಾಬಿನಿಂದ ಕೇಳಿ ಪಡೆಯಿರಿ.

"ಸ್ಯಾಂಪಲ್ ಸಾಲದು" ಎಂದು ಬರೆದ ರಿಪೋರ್ಟನ್ನು ನಾರ್ಮಲ್ ಎಂದು ಓದಬೇಡಿ. ಕ್ಯಾಮೆರಾದಲ್ಲಿ ಒಳಪದರ ತೆಳ್ಳಗೆ, ನುಣುಪಾಗಿ ಕಂಡಿದ್ದರೆ ಚೂರು ಸಿಗದಿರುವುದು ಸಹಜ, ಫೋಟೋ ಜೊತೆ ಇಟ್ಟು ಡಾಕ್ಟರ್ ಹಾಗೆಂದು ಹೇಳಬೇಕು. ಹಾಗಿಲ್ಲದಿದ್ದರೆ ಮತ್ತೆ ತೆಗೆಯಬೇಕು. ಮುಟ್ಟು ನಿಂತವರಿಗೆ ರಿಪೋರ್ಟ್ ಚೆನ್ನಾಗಿಯೇ ಬಂದು, ಕೆಲವು ತಿಂಗಳ ಮೇಲೆ ಪುನಃ ರಕ್ತ ಕಂಡರೆ, ಹಳೆಯ ರಿಪೋರ್ಟ್ ತೋರಿಸಿ ಸುಮ್ಮನಾಗಬೇಡಿ. ಸ್ಕ್ಯಾನಿನಿಂದ ಮತ್ತೆ ಶುರು ಮಾಡಿ.